ಜಾಕ್ ಮೇಲಿಂದ ಕಾರು ಜಾರಿತು: ಬದಲಿಸಬೇಕಾದದ್ದು ಜಾಕನ್ನೋ, ನೆಲವನ್ನೋ?

ಪ್ರಶ್ನೆ: ನನ್ನದು ಸುಮಾರು 1,050 ಕಿಲೋ ತೂಕದ ಸಣ್ಣ ಕಾರು; ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಟೈರ್ ಅದಲುಬದಲು, ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್, ಇಷ್ಟನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ನಾಲ್ಕು ವರ್ಷದ ಹಿಂದೆ ಕೊಂಡ 2 ಟನ್ ಸಾಮರ್ಥ್ಯದ, ಗಾಲಿಗಳಿರುವ ಪುಟ್ಟ ಹೈಡ್ರಾಲಿಕ್ ಜಾಕ್ (ಟ್ರಾಲಿ ಜಾಕ್) ನನ್ನಲ್ಲಿದೆ. ಕಳೆದ ವಾರ ಮುಂದಿನ ಎಡ ಚಕ್ರ ಬಿಚ್ಚಲೆಂದು ಪಕ್ಕದಿಂದ ಜಾಕ್ ಕೊಟ್ಟು ಎತ್ತುತ್ತಿದ್ದಾಗ ‘ಟಕ್’ ಎಂದು ಸದ್ದಾಗಿ ಕಾರು ಪಕ್ಕಕ್ಕೆ ಸರಿಯಿತು. ಜಾಕಿನ ತಲೆ ಜಾರಿ ಬಾಗಿಲ ಕೆಳಗಿನ ತಗಡಿನ ಅಂಚನ್ನು ಬಗ್ಗಿಸಿತು. ನೆಲ ಇಂಟರ್‌ಲಾಕ್ ಇಟ್ಟಿಗೆಯದು, ಸಮತಟ್ಟಾಗಿಯೇ ಇದೆ. ಮತ್ತೆ ಸರಿಮಾಡಿ ಎತ್ತಿ ಕೆಲಸ ಮುಗಿಸಿದೆ. ಅಷ್ಟರಲ್ಲಿ, ಅಂದರೆ ಅರ್ಧ ಗಂಟೆಯಲ್ಲಿ, ಕಾರು ಎರಡು ಬೆರಳಿನಷ್ಟು ಇಳಿದಿತ್ತು. ಆಯಿಲ್ ಬದಲಿಸುವಾಗ ಮಾತ್ರ ಜಾಗ್ರತೆಗೆ ಎರಡು ಕಾಂಕ್ರೀಟ್ ಬ್ಲಾಕ್ ಕೊಟ್ಟೇ ಕೆಳಗೆ ನುಸುಳುತ್ತೇನೆ. ಹೈಡ್ರಾಲಿಕ್ ಜಾಕನ್ನು ನಂಬಬೇಡ, ಕಾರಿನ ಜೊತೆ ಬಂದ ತಿರುಪಿನ ಜಾಕೇ ಮೇಲು ಎನ್ನುತ್ತಾರೆ ತಂದೆ. 3 ಟನ್ನಿನದು ಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾನೆ ಗೆಳೆಯ. ಏನು ಮಾಡಲಿ?

ಉತ್ತರ: ಕಾರು ಜಾರಿದ್ದಕ್ಕೂ ಇಳಿದದ್ದಕ್ಕೂ ನೀವು ಹೆದರಿದ್ದೀರಿ, ಹೆದರಬೇಕಾದದ್ದೇ. ಆದರೆ ಇಪ್ಪತ್ತೈದು ವರ್ಷ ಕಾರುಗಳ ಹೊಟ್ಟೆ ನೋಡಿಕೊಂಡೇ ಬದುಕಿದ ನನಗೆ ಮೈ ಜುಮ್ಮೆಂದದ್ದು ನೀವು ನೆಮ್ಮದಿಯಿಂದ ಬರೆದ ಒಂದು ಸಾಲನ್ನು ಓದಿದಾಗ: ‘ಜಾಗ್ರತೆಗೆ ಎರಡು ಕಾಂಕ್ರೀಟ್ ಬ್ಲಾಕ್ ಕೊಟ್ಟೇ ಕೆಳಗೆ ನುಸುಳುತ್ತೇನೆ.’ ಅಲ್ಲಿಂದಲೇ ಆರಂಭಿಸುತ್ತೇನೆ. ಉಳಿದದ್ದನ್ನು ಓದಿ ಮುಗಿಸುವ ಮೊದಲೇ ನೀವು ಆಯಿಲ್ ಬದಲಿಸಲು ಹೊರಟುಬಿಟ್ಟೀರಿ ಎಂಬ ಭಯ ನನಗೆ.

ಗೋಡೆಗೆ ಬಳಸುವ ಬ್ಲಾಕ್ ಇಡೀ ಮನೆಯನ್ನೇ ಹೊರುತ್ತದೆ, ಸಣ್ಣ ಕಾರೊಂದನ್ನು ಹೊರಲಾರದೇ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಗೋಡೆಯಲ್ಲಿ ಅದರ ಮೇಲೆ ಗಾರೆ ಇರುತ್ತದೆ, ಗಾರೆಯ ಮೇಲೆ ಇನ್ನೊಂದು ಬ್ಲಾಕ್ ಕೂತಿರುತ್ತದೆ. ಭಾರ ಅದರ ಮುಖದ ಉದ್ದಗಲಕ್ಕೂ ಹರಡುತ್ತದೆ. ಕಾರಿನ ಕೆಳಗಿಟ್ಟಾಗ ಭಾರವೆಲ್ಲ ಕೆಲವೇ ಮಿಲಿಮೀಟರ್ ದಪ್ಪದ ತಗಡಿನ ಅಂಚಿನಿಂದ ಒಂದು ಗೆರೆಯ ಮೇಲೆ ಬೀಳುತ್ತದೆ. ಕಾಂಕ್ರೀಟನ್ನು ಅದುಮಿದರೆ ಅದು ಗಟ್ಟಿ, ಎಳೆದರೆ ದುರ್ಬಲ. ಎಳೆತವನ್ನು ತಡೆಯುವ ಅದರ ಶಕ್ತಿ ಒತ್ತಡ ತಡೆಯುವ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಕಾರಿನ ಅಂಚು ಅದರ ಮೇಲೆ ಕೊಡಲಿಯ ಬಾಯಿಯಂತೆ ಕೂತು ಅದನ್ನು ಸೀಳಲು ನೋಡುತ್ತಿರುತ್ತದೆ. ಒಳಗೆ ಟೊಳ್ಳಿರುವ ಬ್ಲಾಕನ್ನು ಅಡ್ಡಲಾಗಿ ಮಲಗಿಸಿದ್ದರಂತೂ ಕೇಳುವುದೇ ಬೇಡ. ಮರದ ತುಂಡಾದರೆ ಮೊದಲು ನುಜ್ಜಾಗುತ್ತದೆ, ಕಿರುಗುಟ್ಟುತ್ತದೆ, ಎದ್ದು ಬರಲು ಒಂದಿಷ್ಟು ಸಮಯ ಕೊಡುತ್ತದೆ. ಕಾಂಕ್ರೀಟ್ ಹಾಗಲ್ಲ, ಒಡೆಯುವ ಕ್ಷಣದವರೆಗೂ ಸುಮ್ಮನಿರುತ್ತದೆ. ‘ಇಷ್ಟು ದಿನ ಏನೂ ಆಗಿಲ್ಲವಲ್ಲ’ ಎನ್ನಬೇಡಿ. ಆ ಇಷ್ಟು ದಿನವೂ ಒಳಗೆ ಕೂದಲೆಳೆಯ ಬಿರುಕು ಬೆಳೆಯುತ್ತಿದ್ದಿರಬಹುದು. ಇಟ್ಟಿಗೆಗೂ ಇದೇ ಮಾತು ಸಲ್ಲುತ್ತದೆ. ಇವತ್ತೇ ಆ ಬ್ಲಾಕ್‌ಗಳನ್ನು ಹೂಕುಂಡದ ಕೆಳಗೆ ಇಟ್ಟುಬಿಡಿ, ಅಲ್ಲಿ ಅವು ಚೆನ್ನಾಗಿ ಬಾಳುತ್ತವೆ. ಅವುಗಳ ಜಾಗಕ್ಕೆ ಏನು ಬರಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ.

ಈಗ ಜಾರಿದ ವಿಚಾರ. ನೀವು ಬರೆದದ್ದನ್ನು ನೋಡಿದರೆ ಇಲ್ಲಿ ಜಾಕಿನ ತಪ್ಪು ಕಾಣುತ್ತಿಲ್ಲ.

ಟ್ರಾಲಿ ಜಾಕಿನ ತೋಳು ಲಿಫ್ಟಿನಂತೆ ನೆಟ್ಟಗೆ ಮೇಲೇರುವುದಿಲ್ಲ. ಹಿಡಿಯ ಕಡೆಗಿರುವ ಕೀಲನ್ನು ಕೇಂದ್ರವಾಗಿಟ್ಟುಕೊಂಡು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಮೂರು ಗಂಟೆ ತೋರಿಸುತ್ತಿರುವ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಒಂದೂವರೆಗೆ ತನ್ನಿ. ಅದರ ತುದಿ ಮೇಲೇರಿದ ಹಾಗೆಯೇ ಗಡಿಯಾರದ ನಡುವಿನ ಕಡೆಗೂ ಸರಿದಿರುತ್ತದೆ. ಜಾಕಿನ ತಲೆಯೂ ಹೀಗೆಯೇ ಏರುತ್ತಾ ಏರುತ್ತಾ ನಿಮ್ಮ ಕಡೆಗೆ, ಅಂದರೆ ಹಿಡಿಯ ಕಡೆಗೆ, ವಾಲುತ್ತದೆ. ಪುಟ್ಟ ಜಾಕಿನಲ್ಲಿ ಇದು ಕೆಲವು ಸೆಂಟಿಮೀಟರ್. ಉದ್ದ ತೋಳಿನದರಲ್ಲಿ ಎಂಟು-ಹತ್ತು ಸೆಂಟಿಮೀಟರ್ ಆಗುವುದೂ ಉಂಟು. ಕಾರು ಪಕ್ಕಕ್ಕೆ ಉರುಳಲಾರದು. ಹಾಗಾಗಿ ಕಾರು ಇದ್ದಲ್ಲೇ ಇರಬೇಕಾದರೆ ಜಾಕ್ ತಾನೇ ಅಷ್ಟು ದೂರ ಕಾರಿನಡಿಗೆ ಉರುಳಿಕೊಂಡು ಹೋಗಬೇಕು. ಜಾಕಿಗೆ ಗಾಲಿಗಳಿರುವುದು ಶೆಡ್ಡಿನಲ್ಲಿ ಎಳೆದುಕೊಂಡು ಓಡಾಡಲು ಎಂದೇ ಹೆಚ್ಚಿನವರು ಭಾವಿಸಿದ್ದಾರೆ. ಅವುಗಳ ಮುಖ್ಯ ಕೆಲಸ ಭಾರ ಹೊತ್ತಿರುವಾಗ ಉರುಳುವುದು.

ನಿಮ್ಮ ಅಂಗಳದಲ್ಲಿ ಆ ಗಾಲಿ ಉರುಳಲು ಬಿಡದೆ ಹಿಡಿದದ್ದು ಇಟ್ಟಿಗೆಗಳ ನಡುವಿನ ಸಂದು. ಪುಟ್ಟ ಜಾಕಿನ ಉಕ್ಕಿನ ಗಾಲಿ ಚಿಕ್ಕದು, ಮುನ್ನೂರು-ನಾನೂರು ಕಿಲೋ ಭಾರ ಬಿದ್ದಾಗ ಅಂಥ ಸಂದಿನಲ್ಲಿ ಕೂತುಬಿಡುತ್ತದೆ. ಗಾಲಿ ನಿಂತಿತು, ತೋಳು ಮಾತ್ರ ಏರುತ್ತಾ ಹೋಯಿತು, ತಲೆ ತಗಡಿನ ಅಂಚನ್ನು ಪಕ್ಕಕ್ಕೆ ಎಳೆಯಿತು. ಟೈರುಗಳು ಸ್ವಲ್ಪ ಹೊತ್ತು ವಾಲಿಕೊಂಡು ಸಹಿಸಿಕೊಂಡವು, ಕೊನೆಗೆ ಯಾವುದೋ ಒಂದು ಕಡೆ ಬಿಟ್ಟುಕೊಟ್ಟಿತು. ನೀವು ಕೇಳಿದ ‘ಟಕ್’ ಅದೇ. ನೆಲ ಸಮತಟ್ಟಾಗಿದ್ದರೆ ಸಾಲದು, ಉರುಳಲು ನುಣುಪಾಗಿಯೂ ಇರಬೇಕು. ಮಣ್ಣು, ಜಲ್ಲಿ, ಬಿಸಿಲಿಗೆ ಮೆತ್ತಗಾದ ಡಾಂಬರು, ಎಲ್ಲವೂ ಇದೇ ಆಟ ಆಡುತ್ತವೆ.

ಪರಿಹಾರ ಸರಳ. 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯೊಂದನ್ನು ಹಾಸಿ, ಅದರ ಮೇಲೆ ಜಾಕ್ ಇಡಿ. ಜಾಕಿನ ನಾಲ್ಕೂ ಗಾಲಿ ಹಲಗೆಯ ಮೇಲಿರಬೇಕು, ಮುಂದಕ್ಕೆ ಉರುಳಲು ಒಂದು ಗೇಣು ಜಾಗ ಉಳಿದಿರಬೇಕು. ಮುಂದಿನ ಗಾಲಿ ಮಾತ್ರ ಹತ್ತುವಷ್ಟು ಚಿಕ್ಕ ತುಂಡು ಹಾಕಿದರೆ ಮೊದಲಿಗಿಂತಲೂ ಕೆಟ್ಟದು. ಐದಾರು ಸಲ ಹಿಡಿ ಒತ್ತಿದ ಮೇಲೆ ನಿಲ್ಲಿಸಿ, ಬಗ್ಗಿ, ಗಾಲಿ ಸರಿದಿದೆಯೇ ಎಂದು ನೋಡಿ. ಸರಿದಿಲ್ಲವೆಂದರೆ ಇಳಿಸಿ ಮತ್ತೆ ಶುರುಮಾಡಿ. ಇನ್ನೊಂದು ಮಾತು: ಜಾಕ್ ಓಡಿಹೋಗದಿರಲಿ ಎಂದು ಅದರ ಗಾಲಿಗೇ ಕಲ್ಲು ಕೊಡುವವರನ್ನು ಕಂಡಿದ್ದೇನೆ. ಕಲ್ಲು ಕೊಡಬೇಕಾದದ್ದು ಕಾರಿನ ಚಕ್ರಕ್ಕೆ, ಜಾಕಿನ ಗಾಲಿಗಲ್ಲ.

ಎರಡು ಬೆರಳು ಇಳಿದದ್ದರ ಕತೆ ಬೇರೆ. ಇಲ್ಲಿ ಮಾತ್ರ ಜಾಕ್ ತಪ್ಪಿತಸ್ಥ, ಆದರೆ ಬಹುಶಃ ಎಸೆಯಬೇಕಾದಷ್ಟಲ್ಲ.

ಒಳಗೆ ನಡೆಯುವುದು ಇಷ್ಟು. ಹಿಡಿ ಒತ್ತಿದಾಗ ತೆಳ್ಳಗಿನ ಪಿಸ್ಟನ್ ಒಂದು ಎಣ್ಣೆಯನ್ನು ದಪ್ಪ ಪಿಸ್ಟನ್ನಿನ ಕೋಣೆಗೆ ತಳ್ಳುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ 17ನೇ ಶತಮಾನದಲ್ಲಿ ತೋರಿಸಿಕೊಟ್ಟ ನಿಯಮವೇ ಇದರ ಬಂಡವಾಳ. ತೆಳು ಪಿಸ್ಟನ್ನಿನ ವ್ಯಾಸ 10 ಮಿಲಿಮೀಟರ್, ದಪ್ಪದ್ದು 40 ಮಿಲಿಮೀಟರ್ ಎಂದಿಟ್ಟುಕೊಂಡರೆ ಬಲ 16 ಪಟ್ಟು ಹೆಚ್ಚುತ್ತದೆ; ಉದ್ದ ಹಿಡಿಯ ಸನ್ನೆಯ ಲಾಭ ಅದಕ್ಕೆ ಇನ್ನೂ ಗುಣಾಕಾರವಾಗಿ ಸೇರುತ್ತದೆ. ತಳ್ಳಿದ ಎಣ್ಣೆ ಹಿಂದಿರುಗದಂತೆ ತಡೆಯುವುದು ಬಟಾಣಿಗಿಂತಲೂ ಚಿಕ್ಕದಾದ ಉಕ್ಕಿನ ಗುಂಡು. ಇಳಿಸುವಾಗ ಹಿಡಿಯನ್ನು ತಿರುಗಿಸಿ ತೆರೆಯುತ್ತೀರಲ್ಲ, ಅದು ಇನ್ನೊಂದು ಕವಾಟ. ಕಾರು ಮೇಲೆ ನಿಂತಿರುವುದು ಈ ಗುಂಡು, ಈ ಕವಾಟ ಮತ್ತು ಒಂದೆರಡು ರಬ್ಬರ್ ಸೀಲುಗಳ ಕೃಪೆಯಿಂದ. ಅವುಗಳ ಯಾವ ಕೂಡುಜಾಗದಲ್ಲಿ ಕಸದ ಕಣ ಸಿಕ್ಕಿಕೊಂಡರೂ ಎಣ್ಣೆ ಹನಿಹನಿಯಾಗಿ ಹಿಂದೆ ಸೋರುತ್ತದೆ, ಕಾರು ಮೆಲ್ಲಗೆ ಇಳಿಯುತ್ತದೆ.

ಮೊದಲು ಇಳಿಸುವ ಕವಾಟ ಪೂರ್ತಿ ಬಿಗಿದಿದೆಯೇ ನೋಡಿ. ಅರ್ಧ ಬಿಗಿದ ಕವಾಟವನ್ನು ‘ಕೆಟ್ಟ ಜಾಕ್’ ಎಂದು ನನ್ನಲ್ಲಿಗೆ ಹೊತ್ತು ತಂದವರಿಗೆ ಲೆಕ್ಕವಿಲ್ಲ. ಅದು ಸರಿಯಿದ್ದರೆ ದಪ್ಪ ಪಿಸ್ಟನ್ನಿನ ಸುತ್ತ ಎಣ್ಣೆಯ ಪಸೆ ಇದೆಯೇ ಗಮನಿಸಿ. ಹೊರಗೆ ಎಣ್ಣೆ ಕಂಡರೆ ಸೀಲ್ ಹೋಗಿದೆ. ಹೊರಗೆಲ್ಲ ಒಣಗಿದ್ದೂ ಕಾರು ಇಳಿಯುತ್ತಿದ್ದರೆ ಸೋರಿಕೆ ಒಳಗೇ ಇದೆ; ಹೆಚ್ಚಾಗಿ ಗುಂಡಿನಡಿಯ ಕಸ. ಹಿಡಿ ಒತ್ತುವಾಗ ಸ್ಪಂಜು ಒತ್ತಿದಂತೆ ಮೆತ್ತಗಿದ್ದರೆ, ಅಥವಾ ಪೂರ್ತಿ ಎತ್ತರಕ್ಕೆ ಏರದಿದ್ದರೆ, ಗಾಳಿ ಸೇರಿದೆ ಇಲ್ಲವೇ ಎಣ್ಣೆ ಕಡಿಮೆಯಾಗಿದೆ. ಜಾಕನ್ನು ಅಡ್ಡ ಮಲಗಿಸಿಯೋ ಗೋಡೆಗೆ ಒರಗಿಸಿ ನಿಲ್ಲಿಸಿಯೋ ಇಡುವವರಿಗೆ ಈ ಗಾಳಿಯ ಕಾಟ ಹೆಚ್ಚು.

ಗಾಳಿ ತೆಗೆಯುವುದು ಹತ್ತು ನಿಮಿಷದ ಕೆಲಸ. ಭಾರವಿಲ್ಲದೆ ತೋಳನ್ನು ಪೂರ್ತಿ ಇಳಿಸಿ, ಇಳಿಸುವ ಕವಾಟವನ್ನು ತೆರೆದೇ ಇಟ್ಟು ಹಿಡಿಯನ್ನು ಹತ್ತು-ಹದಿನೈದು ಸಲ ಪೂರ್ತಿ ಉದ್ದಕ್ಕೆ ಬೇಗಬೇಗನೆ ಒತ್ತಿ. ಆಮೇಲೆ ಎಣ್ಣೆ ತುಂಬುವ ರಬ್ಬರ್ ಬಿರಡೆ ತೆಗೆದು ನೋಡಿ. ತೋಳು ಕೆಳಗಿದ್ದಾಗ ಎಣ್ಣೆ ಆ ರಂಧ್ರದ ಕೆಳಅಂಚಿನ ಹತ್ತಿರ ನಿಂತಿರಬೇಕು. ತೋಳು ಮೇಲಿದ್ದಾಗ ತುಂಬಿಸಿದರೆ ಇಳಿಸಿದಾಗ ಉಕ್ಕಿ ಬರುತ್ತದೆ. ಹಾಕಬೇಕಾದದ್ದು ಹೈಡ್ರಾಲಿಕ್ ಜಾಕಿನ ಎಣ್ಣೆ ಮಾತ್ರ. ‘ಬ್ರೇಕ್ ಕೂಡ ಹೈಡ್ರಾಲಿಕ್ ತಾನೇ’ ಎಂದು ಬ್ರೇಕ್ ಆಯಿಲ್ ಸುರಿಯುವವರಿದ್ದಾರೆ. ಗ್ಲೈಕಾಲ್ ಮೂಲದ ಆ ದ್ರವ ಜಾಕಿನ ಸೀಲುಗಳ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಎಣ್ಣೆ ಕಪ್ಪಾಗಿದ್ದರೆ ಎಲ್ಲವನ್ನೂ ಬಸಿದು ಹೊಸದು ಹಾಕಿ. ಗುಂಡಿನಡಿಯ ಕಸ ಅದರೊಂದಿಗೇ ಹೊರಟುಹೋಗುವುದುಂಟು. ಒಂದು ತಿರುಪನ್ನು ಮಾತ್ರ ಮುಟ್ಟಬೇಡಿ: ಮಿತಿಮೀರಿದ ಭಾರ ಬಿದ್ದಾಗ ಎಣ್ಣೆಯನ್ನು ಬಿಟ್ಟುಕೊಡುವ ಸುರಕ್ಷಾ ಕವಾಟ. ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿ ಮುಚ್ಚಿರುತ್ತಾರೆ. ಅದು ಕಾಯುವುದು ಜಾಕನ್ನು, ನಿಮ್ಮನ್ನಲ್ಲ.

ಹಾಗಾದರೆ ತಂದೆಯವರ ಮಾತು? ಅವರ ಅನುಮಾನ ನೂರಕ್ಕೆ ನೂರು ಸರಿ, ಅವರು ಸೂಚಿಸಿದ ಮದ್ದು ಮಾತ್ರ ತಪ್ಪು. ತಿರುಪಿನ ಜಾಕ್ ಸೋರುವುದಿಲ್ಲ. ತಿರುಪಿನ ಸುರುಳಿ ಗೆರೆಗಳ ಘರ್ಷಣೆಯೇ ಅದನ್ನು ಹಿಂದಕ್ಕೆ ತಿರುಗದಂತೆ ಹಿಡಿದಿರುತ್ತದೆ. ಆದರೆ ಅದರ ಪಾದ ಅಂಗೈಯಷ್ಟೇ ಅಗಲ. ಕಾರು ಒಂದಿಷ್ಟು ಮುಂದೆ ಹಿಂದೆ ಸರಿದರೂ ಅದು ಕೀಲುಗಳಲ್ಲಿ ಮಡಚಿಕೊಂಡು ಮಗುಚುತ್ತದೆ. ದಾರಿಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಲು ಕೊಟ್ಟದ್ದು ಅದು, ಆ ಹತ್ತು ನಿಮಿಷಕ್ಕೆ ಸಾಕು. ಎಣ್ಣೆಯದಾಗಲಿ ತಿರುಪಿನದಾಗಲಿ, ಜಾಕ್ ಇರುವುದು ಎತ್ತಲು ಮತ್ತು ಇಳಿಸಲು; ಎತ್ತಿದ್ದನ್ನು ಹೊತ್ತು ನಿಲ್ಲಲು ನಾಲ್ಕು ಕಾಲಿನ ಉಕ್ಕಿನ ಸ್ಟ್ಯಾಂಡ್ ಬೇಕು. ನಿಮ್ಮ ಬ್ಲಾಕ್‌ಗಳ ಜಾಗಕ್ಕೆ ಬರಬೇಕಾದದ್ದು ಅದೇ. ಬಾಟಲಿಯಂತೆ ನೆಟ್ಟಗೆ ನಿಂತು ನೇರ ಮೇಲೇರುವ ಬಾಟಲ್ ಜಾಕಿನ ಬಗ್ಗೆ ನೀವು ಕೇಳಿಲ್ಲ. ಅದು ಮಡಚಿದಾಗಲೇ ಹದಿನೆಂಟು-ಇಪ್ಪತ್ತು ಸೆಂಟಿಮೀಟರ್ ಎತ್ತರವಿರುತ್ತದೆ, ತಲೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಲಾರಿ, ಜೀಪುಗಳ ಚಾಸಿಗೆ ಹೇಳಿ ಮಾಡಿಸಿದ್ದು, ನಿಮ್ಮ ಕಾರಿಗಲ್ಲ.

ಗೆಳೆಯನ ಮಾತಿನಲ್ಲೂ ಅರ್ಧ ಸತ್ಯವಿದೆ, ಅವನು ಕೊಟ್ಟ ಕಾರಣ ಮಾತ್ರ ತಪ್ಪು. 2 ಟನ್ ಎಂದರೆ 2,000 ಕಿಲೋ. ನಿಮ್ಮ ಇಡೀ ಕಾರೇ 1,050 ಕಿಲೋ. ಮುಂಚಕ್ರ ಎಳೆಯುವ ಕಾರುಗಳಲ್ಲಿ ತೂಕದ ಸುಮಾರು 60 ಶೇಕಡಾ ಮುಂದಿನ ಚಕ್ರಗಳ ಮೇಲಿರುತ್ತದೆ. ಎರಡೂ ಮುಂಚಕ್ರಗಳನ್ನು ಒಟ್ಟಿಗೆ ಎತ್ತಿದರೂ ಜಾಕಿನ ಮೇಲೆ ಬೀಳುವುದು 630 ಕಿಲೋದ ಆಸುಪಾಸು. ಟನ್ ನಿಮಗೆ ಯಾವತ್ತೂ ಕೊರತೆಯಾಗಿರಲಿಲ್ಲ. ಕೊರತೆಯಾಗಿರುವುದು ಉದ್ದ ಮತ್ತು ಎತ್ತರ.

ಜಾಕ್ ಕೊಳ್ಳುವಾಗ ಜನ ಟನ್ನಿನ ಅಂಕಿಯನ್ನು ಮಾತ್ರ ಓದುತ್ತಾರೆ. ನಾನಾದರೆ ಮೊದಲು ಅಳತೆಪಟ್ಟಿ ಹಿಡಿದು ಕಾರಿನಡಿ ಬಗ್ಗುತ್ತೇನೆ. ಜಾಕ್ ಕೊಡುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ? ಟೈರಿನ ಗಾಳಿ ಪೂರ್ತಿ ಹೋಗಿದ್ದರೆ ಎಷ್ಟಾಗುತ್ತದೆ? ಜಾಕಿನ ಕನಿಷ್ಠ ಎತ್ತರ ಅದಕ್ಕಿಂತ ಕಡಿಮೆಯಿರಬೇಕು. ಸಾಮಾನ್ಯ ಜಾಕುಗಳಲ್ಲಿ ಇದು 13-14 ಸೆಂಟಿಮೀಟರ್, ತಗ್ಗು ದೇಹದವುಗಳಲ್ಲಿ 7.5ರಿಂದ 10. ಇನ್ನು ಗರಿಷ್ಠ ಎತ್ತರ. ಕಾರನ್ನು ಎತ್ತತೊಡಗಿದಾಗ ಚಕ್ರ ತಕ್ಷಣ ನೆಲ ಬಿಡುವುದಿಲ್ಲ. ಸಸ್ಪೆನ್ಷನ್ ತನ್ನ ಹಿಡಿತವನ್ನು ಸಡಿಲಿಸುತ್ತಾ ಚಕ್ರವನ್ನು ಕೆಳಗೇ ಇಳಿಬಿಡುತ್ತದೆ. ಮೊದಲ ಆರೆಂಟು ಸೆಂಟಿಮೀಟರ್ ಹೀಗೆ ಖರ್ಚಾಗಿಹೋಗುತ್ತದೆ. ಪುಟ್ಟ 2 ಟನ್ ಜಾಕುಗಳು 33-35 ಸೆಂಟಿಮೀಟರಿಗೆ ನಿಂತುಬಿಡುತ್ತವೆ. ಸಾಮಾನ್ಯ ಸ್ಟ್ಯಾಂಡ್ ತನ್ನ ಅತಿ ಕಡಿಮೆ ಎತ್ತರದಲ್ಲೇ 27-28 ಸೆಂಟಿಮೀಟರ್ ಇರುತ್ತದೆ. ನಡುವೆ ಉಳಿಯುವುದು ನಾಲ್ಕೈದು ಬೆರಳು. ಅದು ಸಾಲದಾಗಿ ಜಾಕಿನ ತಲೆಯ ಮೇಲೆ ಮರದ ತುಂಡುಗಳನ್ನು ಪೇರಿಸುವವರಿದ್ದಾರೆ. ಪೇರಿಸಿದ್ದು ಜಾರುತ್ತದೆ. ತೀರಾ ಬೇಕಾದರೆ ಇಡೀ ಜಾಕಿನಡಿಗೆ ಅಗಲವಾದ ದಪ್ಪ ಹಲಗೆ ಹಾಕಿ, ಅದರ ತಲೆಯ ಮೇಲಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸ್ಟ್ಯಾಂಡ್ ಕೊಂಡ ಮೊದಲ ದಿನವೇ ಎಲ್ಲರಿಗೂ ಎದುರಾಗುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವೆ ಜಾಕ್ ಕೊಡಿ ಎಂದು ಕಾರಿನ ಕೈಪಿಡಿ ಹೇಳುತ್ತದೆ. ಸ್ಟ್ಯಾಂಡ್ ಇಡಬೇಕಾದ ಗಟ್ಟಿ ಜಾಗವೂ ಅದೇ. ಜಾಕ್ ಅಲ್ಲಿ ಕೂತಿದ್ದರೆ ಸ್ಟ್ಯಾಂಡ್ ಎಲ್ಲಿ ಇಡುವುದು? ಗ್ಯಾರೇಜುಗಳಲ್ಲಿ ಮಾಡುವ ದಾರಿ ಇದು: ಮುಂದಿನ ಚಕ್ರಗಳ ನಡುವೆ ಎಂಜಿನ್ನಿನ ಕೆಳಗೆ ಹಾದುಹೋಗುವ ದಪ್ಪ ಉಕ್ಕಿನ ಅಡ್ಡತೊಲೆಯ ಮಧ್ಯಕ್ಕೆ ಜಾಕ್ ಕೊಟ್ಟು, ಮುಂಭಾಗವನ್ನು ಒಟ್ಟಿಗೆ ಎತ್ತಿ, ಎರಡೂ ಪಕ್ಕದ ಕಚ್ಚುಗಳಡಿ ಒಂದೊಂದು ಸ್ಟ್ಯಾಂಡ್ ಇಟ್ಟು ಇಳಿಸುವುದು. ಮುಂದಿನ ಬಂಪರಿನಡಿಯಿಂದ ಆ ತೊಲೆಯವರೆಗೆ ಪುಟ್ಟ ಜಾಕ್ ಮುಟ್ಟುವುದೇ ಇಲ್ಲ, ಮುಟ್ಟಿದರೂ ಹಿಡಿ ಆಡಿಸಲು ಜಾಗವಿರುವುದಿಲ್ಲ. ಉದ್ದ ದೇಹದ 3 ಟನ್ ಜಾಕಿನ ನಿಜವಾದ ಉಪಯೋಗ ಇಲ್ಲಿದೆ: ಉದ್ದ ಕೈ, 45-50 ಸೆಂಟಿಮೀಟರ್ ಎತ್ತರ, ಅಗಲವಾದ ಗಾಲಿ. ಅದಕ್ಕೆ ತೆರುವ ಬೆಲೆ ಅದರ ತೂಕ. ಉಕ್ಕಿನದಾದರೆ 30 ಕಿಲೋ ದಾಟುತ್ತದೆ, ಅಲ್ಯೂಮಿನಿಯಂನದು ಹಗುರ ಆದರೆ ದುಬಾರಿ. ತಿಂಗಳಿಗೊಮ್ಮೆ ಕಾರಿನಡಿ ಹೋಗುವವರಾದರೆ ಕೊಳ್ಳಿ. ವರ್ಷಕ್ಕೆರಡು ಸಲ ಟೈರ್ ಬಿಚ್ಚುವವರಾದರೆ ನಿಮ್ಮಲ್ಲಿರುವುದೇ ಸಾಕು.

ಆದರೆ ಅಡ್ಡತೊಲೆ ಯಾವುದು ಎಂದು ಖಾತ್ರಿಯಿಲ್ಲದೆ ಎಂಜಿನ್ನಿನಡಿ ಜಾಕ್ ಕೊಡಬೇಡಿ. ಎಂಜಿನ್ ಆಯಿಲ್ ತುಂಬಿರುವ ತೊಟ್ಟಿ, ಅಂದರೆ ಆಯಿಲ್ ಸಂಪ್, ಕೂಡ ಅಲ್ಲೇ ತೂಗುತ್ತಿರುತ್ತದೆ, ನೋಡಲು ಸಮತಟ್ಟಾಗಿ ಆಹ್ವಾನಿಸುವಂತಿರುತ್ತದೆ. ತೆಳು ತಗಡಿನದಾದರೆ ತಗ್ಗು ಬೀಳುತ್ತದೆ, ಎರಕದ್ದಾದರೆ ಸೀಳುತ್ತದೆ. ರೇಡಿಯೇಟರಿನ ಕೆಳಗಿನ ಪಟ್ಟಿ, ಕಾರಿನ ನೆಲದ ತಗಡು, ಪಕ್ಕದ ಪ್ಲಾಸ್ಟಿಕ್, ಇವೂ ನಿಷಿದ್ಧ. ಹಿಂಭಾಗದಲ್ಲಿ ಎರಡು ಚಕ್ರಗಳನ್ನು ಜೋಡಿಸುವ ತಿರುಚು ತೊಲೆಯ ಕೆಳಗೆ ಜಾಕ್ ಕೊಡಲು ಕೆಲವು ತಯಾರಕರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಕೈಪಿಡಿಯ ಮಾತೇ ಕೊನೆಯದು. ಮುಂದೆ ಎಂದಾದರೂ ವಿದ್ಯುತ್ ಕಾರು ಕೊಂಡರೆ ಅದರ ಹೊಟ್ಟೆಯುದ್ದಕ್ಕೂ ಬ್ಯಾಟರಿ ಹಾಸಿರುತ್ತದೆ ಎಂಬುದನ್ನು ಮರೆಯಬೇಡಿ. ಗುರುತಿಸಿದ ನಾಲ್ಕು ಬಿಂದುಗಳ ಹೊರತು ಬೇರೆಲ್ಲೂ ಜಾಕ್ ತಾಗಬಾರದು.

ಸದ್ಯಕ್ಕೆ ನಿಮ್ಮ ಪುಟ್ಟ ಜಾಕಿನಿಂದಲೇ ನಡೆಸುವುದಾದರೆ ಪಕ್ಕದ ಕಚ್ಚಿನಲ್ಲೇ ಎತ್ತಿ, ಅದೇ ಮೂಲೆಯಲ್ಲಿ ಸಸ್ಪೆನ್ಷನ್ ತೋಳು ದೇಹಕ್ಕೆ ಸೇರುವ ದಪ್ಪ ಉಕ್ಕಿನ ಜಾಗದ ಕೆಳಗೆ ಸ್ಟ್ಯಾಂಡ್ ಇಡಬಹುದು, ನಿಮ್ಮ ಕೈಪಿಡಿ ಆ ಜಾಗವನ್ನು ಒಪ್ಪಿದರೆ. ಎರಡೂ ಪಕ್ಕಕ್ಕೆ ಸ್ಟ್ಯಾಂಡ್ ಬೇಕಾದಾಗ ಒಂದೇ ಸಲ ಪೂರ್ತಿ ಎತ್ತಬೇಡಿ, ಒಂದು ಪಕ್ಕ ಸ್ವಲ್ಪ, ಇನ್ನೊಂದು ಪಕ್ಕ ಸ್ವಲ್ಪ. ಒಂದು ಪಕ್ಕ ಬಹಳ ಮೇಲಿದ್ದಾಗ ಇನ್ನೊಂದನ್ನು ಎತ್ತಿದರೆ ಮೊದಲ ಸ್ಟ್ಯಾಂಡ್ ವಾಲುತ್ತದೆ.

ಸ್ಟ್ಯಾಂಡುಗಳಲ್ಲಿ ಎರಡು ಬಗೆ. ಹಲ್ಲುಪಟ್ಟಿಯದು ಎತ್ತಿದಂತೆ ತಾನೇ ಕಚ್ಚಿಕೊಳ್ಳುತ್ತದೆ. ಪಿನ್ನಿನದರಲ್ಲಿ ರಂಧ್ರಕ್ಕೆ ಸರಳು ತೂರಿಸಬೇಕು. ಮೊದಲನೆಯದು ಅನುಕೂಲ, ಎರಡನೆಯದರಲ್ಲಿ ಮೋಸವಿಲ್ಲ, ಏಕೆಂದರೆ ಸರಳು ಕೂತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. 2020ರಲ್ಲಿ ಅಮೆರಿಕದಲ್ಲಿ ಹಲ್ಲುಪಟ್ಟಿಯ ಲಕ್ಷಗಟ್ಟಲೆ ಸ್ಟ್ಯಾಂಡುಗಳನ್ನು ಹಿಂಪಡೆಯಬೇಕಾಯಿತು. ಭಾರದಡಿ ಹಲ್ಲು ಬಿಟ್ಟುಕೊಳ್ಳುವ ದೋಷ ಅವುಗಳಲ್ಲಿತ್ತು. ಬದಲಿಗೆ ಕೊಟ್ಟ ಕೆಲವದರ ಬೆಸುಗೆಯೂ ಕೆಟ್ಟದ್ದೆಂದು ತಿಳಿದು ಅವನ್ನೂ ವಾಪಸು ತರಿಸಿಕೊಂಡರು. ಹಾಗೆಂದು ಆ ಬಗೆಯೇ ಬೇಡ ಎನ್ನುತ್ತಿಲ್ಲ. ಹಲ್ಲಿನ ಜೊತೆಗೆ ಅಡ್ಡ ಪಿನ್ ಕೂಡ ಇರುವಂಥದ್ದನ್ನು ಆರಿಸಿ, ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಬರೆದ ಟನ್ ಒಂದಕ್ಕೋ ಜೋಡಿಗೋ ಎಂಬುದನ್ನೂ ಓದಿ. ಎರಡೂ ರೀತಿ ಬರೆಯುವವರಿದ್ದಾರೆ. ಸ್ಟ್ಯಾಂಡಿನ ನಾಲ್ಕು ಕಾಲಿನಡಿಯೂ ಅದೇ ಪ್ಲೈವುಡ್ ಇರಲಿ.

ಇನ್ನು ಕಾರಿನ ಚಕ್ರಕ್ಕೆ ಬೆಣೆ ಕೊಡುವ ಮಾತು. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ, ಗೇರಿನಲ್ಲಿ ಬಿಟ್ಟಿದ್ದೇನೆ, ಇನ್ನೇಕೆ ಎಂದು ನಾನೂ ಕೇಳುತ್ತಿದ್ದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕನ್ನೇ ನಂಬಿ ಕಾರೊಂದರ ಹಿಂಭಾಗವನ್ನು ಎತ್ತಿದೆ. ಹಿಂದಿನ ಎರಡೂ ಚಕ್ರ ನೆಲ ಬಿಟ್ಟ ಕ್ಷಣದಲ್ಲೇ ಕಾರು ತಣ್ಣಗೆ ಮುಂದಕ್ಕೆ ಹೊರಟಿತು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವನ್ನೇ ಗಾಳಿಗೆ ಎತ್ತಿದ ಮೇಲೆ ಹಿಡಿಯಲು ಏನು ಉಳಿಯಿತು? ಸ್ಟ್ಯಾಂಡ್ ಇಡಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಳ್ಳುವಷ್ಟು ಸಮಯ ಸಿಕ್ಕಿತು, ಅಷ್ಟೇ.

ಗೇರನ್ನು ನಂಬುವುದರಲ್ಲೂ ಒಂದು ಬಲೆ ಇದೆ. ನಿಮ್ಮ ಕಾರಿನಲ್ಲಿ ಗೇರು, ಅಥವಾ ಆಟೊಮ್ಯಾಟಿಕ್ ಆದರೆ ‘ಪಿ’, ಹಿಡಿಯುವುದು ಮುಂದಿನ ಚಕ್ರಗಳನ್ನು. ಅವೆರಡರ ನಡುವೆ, ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಜೋಡಣೆ, ಡಿಫರೆನ್ಷಿಯಲ್, ಇದೆ. ಒಂದು ಮುಂಚಕ್ರವನ್ನು ಎತ್ತಿದಿರಿ ಎಂದರೆ ಗಾಳಿಯಲ್ಲಿರುವ ಚಕ್ರ ಹಿಮ್ಮುಖವಾಗಿ ತಿರುಗಲು ಸ್ವತಂತ್ರ, ನೆಲದ ಮೇಲಿನದು ಆಗ ಗೇರಿದ್ದರೂ ಉರುಳುತ್ತದೆ. ಹಾಗಾಗಿ ಮುಂದಿನದನ್ನು ಎತ್ತುವಾಗ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ, ಹಿಂದಿನದನ್ನು ಎತ್ತುವಾಗ ಮುಂದಿನವುಗಳಿಗೆ, ಎರಡೂ ಬದಿಯಿಂದ ಬೆಣೆ ಕೊಡಿ. ಇಳಿಜಾರಿನಲ್ಲಿ ಈ ಕೆಲಸವೇ ಬೇಡ. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿ, ಜಾಕಿನ ಮೇಲಿರುವ ಕಾರನ್ನು ಪಾನ ಹಿಡಿದು ಎಳೆದಾಡುವ ಪ್ರಸಂಗ ತಪ್ಪುತ್ತದೆ.

ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆ ಬಂಪರಿನ ಹತ್ತಿರ ನಿಂತು ಸೊಂಟದ ಬಲ ಹಾಕಿ ಕಾರನ್ನು ಅಲುಗಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಅಡ್ಡ ಮಲಗಿಸಿ, ಜಾಕನ್ನು ಕಾರಿಗೆ ತಾಗಿದಂತೆ ಅಲ್ಲೇ ಬಿಡಿ. ಎರಡನ್ನೂ ನಂಬಬೇಕಾಗಿಲ್ಲ, ಇರಲಿ ಅಷ್ಟೆ. ಬರಿಯ ಆಯಿಲ್ ಬದಲಾವಣೆಗಾದರೆ ಚಕ್ರ ಹತ್ತಿಸುವ ಇಳಿಜಾರು ಹಲಗೆಗಳ ಜೋಡಿಯೂ ಒಳ್ಳೆಯ ದಾರಿ. ಕಾರು ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ. ಮುಂಚಕ್ರದ ಕಾರು ಹತ್ತುವಾಗ ಹಲಗೆಯನ್ನೇ ಮುಂದಕ್ಕೆ ಒದೆಯುವುದುಂಟು, ಅವಸರದಲ್ಲಿ ತುದಿ ದಾಟಿ ಆಚೆ ಬೀಳುವುದೂ ಉಂಟು. ಜೊತೆಗೊಬ್ಬರು ನಿಂತು ಸನ್ನೆ ಮಾಡುತ್ತಿರಲಿ. ಇಲ್ಲವೇ ಆಯಿಲ್ ಅಳೆಯುವ ಕಡ್ಡಿಯ ಕೊಳವೆಯಿಂದಲೇ ಹಳೆಯ ಎಣ್ಣೆಯನ್ನು ಹೀರುವ ಕೈಪಂಪು ಸಿಗುತ್ತದೆ. ಫಿಲ್ಟರ್ ಮೇಲಿನಿಂದ ಕೈಗೆಟುಕುವ ಎಂಜಿನ್ ಆದರೆ ಕಾರಿನಡಿ ಹೋಗುವ ಪ್ರಮೇಯವೇ ಇರುವುದಿಲ್ಲ.

ಬಗ್ಗಿದ ಅಂಚಿನ ಬಗ್ಗೆ ಹೇಳುವುದು ಉಳಿಯಿತು. ಮೇಲಿನ ತಗಡು ಒಳಕ್ಕೆ ಹೋಗಿರದಿದ್ದರೆ, ಬೆಸುಗೆ ಬಿಟ್ಟಿರದಿದ್ದರೆ ಗಾಬರಿ ಬೇಡ. ಅಗಲ ಬಾಯಿಯ ಇಕ್ಕುಳದಿಂದ ಸ್ವಲ್ಪಸ್ವಲ್ಪವಾಗಿ ನೆಟ್ಟಗೆ ಮಾಡಿ, ಒಂದೇ ಸಲ ಮಡಚಿದರೆ ತಗಡು ಸೀಳುತ್ತದೆ. ಬಣ್ಣ ಎದ್ದುಬಂದ ಕಡೆ ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ ಬಳಿಯಿರಿ. ನೀರು ಸದಾ ಎರಚುವ ಜಾಗ ಅದು. ಜಾಕಿನ ತಲೆಗೆ ನಡುವೆ ತೋಡು ಇರುವ ದಪ್ಪ ರಬ್ಬರ್ ಬಿಲ್ಲೆಯೊಂದನ್ನು ಹಾಕಿಕೊಳ್ಳಿ, ಅಂಚು ಆ ತೋಡಿನೊಳಗೆ ಕೂತು ಭಾರ ಎರಡು ಪಕ್ಕದ ಗಟ್ಟಿ ತಗಡಿಗೆ ಹೋಗುತ್ತದೆ. ನೆಟ್ಟಗಾದ ಆ ಜಾಗ ಮೊದಲಿನಷ್ಟು ಬಲವಾಗಿರುವುದಿಲ್ಲ, ಮುಂದಿನ ಸಲ ಎರಡು ಕಚ್ಚುಗಳ ನಡುವೆಯೇ ಬಗ್ಗದೆ ಉಳಿದಿರುವ ಭಾಗಕ್ಕೆ ಜಾಕ್ ಕೊಡಿ. ಮತ್ತು ಜಾಕಿನ ಗಾಳಿ ತೆಗೆದ ಮೇಲೆ ಒಂದು ಪರೀಕ್ಷೆ ಮಾಡಿ: ಪ್ಲೈವುಡ್ ಹಾಸಿ, ಬೆಣೆ ಕೊಟ್ಟು, ಚಕ್ರ ಬಿಚ್ಚದೆಯೇ ಕಾರನ್ನು ಎತ್ತಿ, ಅಂಚಿನಿಂದ ನೆಲಕ್ಕೆ ಎಷ್ಟಿದೆ ಎಂದು ಅಳೆದು ಬರೆದಿಟ್ಟು, ಅರ್ಧ ಗಂಟೆ ದೂರ ಹೋಗಿ. ಬಂದು ಅಳೆದಾಗ ಒಂದೆರಡು ಮಿಲಿಮೀಟರ್ ಇಳಿದಿದ್ದರೆ ಜಾಕ್ ಆರೋಗ್ಯವಾಗಿದೆ. ಮತ್ತೆ ಬೆರಳಿನಷ್ಟು ಇಳಿದಿದ್ದರೆ ಆ ಮಾದರಿಯ ಸೀಲುಗಳ ಕಿಟ್ ಸಿಗುತ್ತದೆಯೇ ವಿಚಾರಿಸಿ. ಸಿಗದಿದ್ದರೆ ಉದ್ದ ದೇಹದ ಆ ಜಾಕನ್ನು ಕೊಳ್ಳಲು ನಿಮಗೆ ಕಾರಣ ಸಿಕ್ಕಂತಾಯಿತು.